ಗೊತ್ತಿಲ್ಲ ಎಂದಿದ್ದ ಡಾಕ್ಟರ್ ಬಾಯಿ

ಹೋದ ವಾರ ನಾನು ಕೆಲಸ ಮಾಡುವ ಶಾಲೆಯ ಆಫೀಸಿನಲ್ಲಿ ಇನ್ವರ್ಟರ್ ಕೆಟ್ಟಿತು. ಮೆಕ್ಯಾನಿಕ್ ಬಂದು, ಮೂಲೆಯಲ್ಲಿದ್ದ ಹಳೆಯ ಬ್ಯಾಟರಿಯನ್ನು ಎಳೆದು ನಡುವೆ ಇಟ್ಟು, ಅದರ ಮುಚ್ಚಳ ತಿರುಗಿಸಿ ತೆಗೆದ. ಹುಳಿಯಾದ, ಮೂಗಿನೊಳಗೆ ಚುಚ್ಚುವ ವಾಸನೆ ಕೋಣೆಯ ತುಂಬ ಹರಡಿತು. ಉಳಿದವರು ಮೂಗು ಮುಚ್ಚಿಕೊಂಡು ಕಿಟಕಿ ತೆರೆದರು, ಆಮೇಲೆ ತಮ್ಮ ತಮ್ಮ ಕೆಲಸಕ್ಕೆ ತಿರುಗಿದರು. ನಾನು ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಒಂದು ಕಾಲದಲ್ಲಿ ಆ ವಾಸನೆ ನನ್ನ ಗಂಡನ ಮೈಯ ವಾಸನೆಯಾಗಿತ್ತು. ಸಂಜೆ ಅವರು ಓಣಿಯ ತಿರುವಿನಲ್ಲಿ ಕಾಣುವ ಮೊದಲೇ ಅದು ಮನೆಗೆ ಬಂದುಬಿಡುತ್ತಿತ್ತು... ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುವಾಗ ಕಣ್ಣ ಮುಂದೆ ಬಂದವರು, ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದ ಡಾಕ್ಟರಮ್ಮ.

ಆಗ ನಾವು ಹೈದರಾಬಾದಿನ ಬಾಲಾನಗರದ ಹಿಂದಿನ ಓಣಿಯೊಂದರಲ್ಲಿದ್ದೆವು. ಸಾಲಾಗಿ ಕಟ್ಟಿದ ಒಂದೊಂದು ಕೋಣೆಯ ಮನೆಗಳು, ಮೇಲೆ ಸಿಮೆಂಟಿನ ಶೀಟು, ಎಲ್ಲರಿಗೂ ಸೇರಿ ಒಂದು ನಲ್ಲಿ. ರಾಯಚೂರು ಕಡೆಯ ಹಳ್ಳಿಯಿಂದ ಮದುವೆಯಾಗಿ ನೇರವಾಗಿ ಅಲ್ಲಿಗೆ ಬಂದಿದ್ದೆ. ಇವರು ಮೊದಲು ಲೇತ್ ಮಷೀನಿನ ಕೆಲಸದಲ್ಲಿದ್ದರು. ಆ ಕಾರ್ಖಾನೆ ಮುಚ್ಚಿದಾಗ, ಹಳೆಯ ಬ್ಯಾಟರಿಗಳನ್ನು ಒಡೆದು ಒಳಗಿನ ಸೀಸವನ್ನು ಭಟ್ಟಿಯಲ್ಲಿ ಕರಗಿಸುವ ಒಂದು ಶೆಡ್ಡಿಗೆ ಸೇರಿಕೊಂಡರು. ಶೆಡ್ಡಿಗೆ ಬೋರ್ಡು ಇರಲಿಲ್ಲ. ಪಗಾರ ಮಾತ್ರ ಸರಿಯಾಗಿ ಬರುತ್ತಿತ್ತು. ಮನೆಯಲ್ಲಿ ನಾವು ಅದನ್ನು ಬ್ಯಾಟರಿ ಕೆಲಸ ಎನ್ನುತ್ತಿದ್ದೆವು. ಅದರ ಬಗ್ಗೆ ಹೆಚ್ಚೇನೂ ಯೋಚಿಸಿದವರಲ್ಲ. ಕೆಲಸವಿತ್ತು ಎನ್ನುವುದೇ ದೊಡ್ಡದು.

ನಮ್ಮ ಮಗ ಮಲ್ಲುವಿಗೆ ಆಗ ನಾಲ್ಕು ವರ್ಷ. ಭಾರಿ ಮಾತಿನ ಹುಡುಗ. ನಲ್ಲಿಯ ಹತ್ತಿರ ಹೆಂಗಸರ ಜೊತೆ ತೆಲುಗು, ಅಂಗಡಿಯ ಚಾಚಾನ ಜೊತೆ ಹಿಂದಿ, ಮನೆಯಲ್ಲಿ ಕನ್ನಡ. ಯಾವುದು ಎಲ್ಲಿ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಆ ಬೇಸಿಗೆಯಿಂದ ಅವನಿಗೆ ಹೊಟ್ಟೆನೋವು ಶುರುವಾಯಿತು. ಇದ್ದಕ್ಕಿದ್ದಂತೆ ಮೊಣಕಾಲು ಮಡಚಿ ನೆಲಕ್ಕೆ ಕುಸಿದು ಚೀರುತ್ತಿದ್ದ, ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತಿದ್ದ. ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದ. ತುಟಿ ಬಿಳಿಚಿಕೊಂಡಿತು. ಎಲ್ಲಕ್ಕಿಂತ ನನಗೆ ಹೆದರಿಕೆ ಹುಟ್ಟಿಸಿದ್ದು ಬೇರೆ. ಅವನ ಮಾತು ಕಡಿಮೆಯಾಗುತ್ತ ಬಂತು. ಮೊದಲು ಹಿಂದಿ ಹೋಯಿತು, ಆಮೇಲೆ ತೆಲುಗು. ಕೊನೆಗೆ ನೀರು ಬೇಕಾದರೂ ಕೊಡದತ್ತ ಬೆರಳು ತೋರಿಸುತ್ತಿದ್ದ.

ಉಪಾಯ ಹೇಳದವರೇ ಇರಲಿಲ್ಲ. ಔಷಧಿ ಅಂಗಡಿಯವನು ಜಂತುಹುಳ ಎಂದು ಮದ್ದು ಕೊಟ್ಟ. ಮುಖ್ಯ ರಸ್ತೆಯ ಕ್ಲಿನಿಕ್ಕಿನಲ್ಲಿ ಗ್ಯಾಸ್ ಎಂದರು. ಅತ್ತೆ ಊರಿನಿಂದ ಫೋನು ಮಾಡಿ ದೃಷ್ಟಿಯಾಗಿದೆ, ಮೆಣಸಿನಕಾಯಿ ಇಳಿಸು ಎಂದರು. ಪಕ್ಕದ ಮನೆಯಾಕೆ ದರ್ಗಾಕ್ಕೆ ಕರೆದುಕೊಂಡು ಹೋಗಿ ತಾಯತ ಕಟ್ಟಿಸಿದಳು. ಮಾತು ಬಿಟ್ಟದ್ದಕ್ಕೆ ಹಟ ಎಂದವರುಂಟು. ಎರಡು ಕೊಟ್ಟರೆ ಸರಿಹೋಗುತ್ತಾನೆ ಎಂದವರೂ ಉಂಟು. ಎಲ್ಲವನ್ನೂ ಮಾಡಿದೆ. ಬೆಳಿಗ್ಗೆ ಒಬ್ಬರು ಹೇಳಿದ್ದು, ಸಂಜೆ ಇನ್ನೊಬ್ಬರು ಹೇಳಿದ್ದು. ಏನಾದರೂ ಮಾಡುತ್ತಿದ್ದರೆ ಉಸಿರಾಡಬಹುದಿತ್ತು. ಮಗು ಮಾತ್ರ ದಿನದಿನಕ್ಕೆ ಹಗುರವಾಗುತ್ತಿತ್ತು... ಸೊಂಟದ ಮೇಲೆ ಎತ್ತಿಕೊಂಡಾಗ ಗೊತ್ತಾಗುತ್ತಿತ್ತು.

ಡಾಕ್ಟರ್ ಬಾಯಿಯ ಬಗ್ಗೆ ಹೇಳಿದವಳು ಮನೆ ಒಡತಿ. ನಮ್ಮ ಓಣಿ ದಾಟಿ ಎರಡು ತಿರುವು ಹೋದರೆ ಒಂದು ಹಳೆಯ ಮನೆ, ಅದರ ಮುಂದಿನ ಕೋಣೆಯೇ ದವಾಖಾನೆ. ಆಕೆಗೆ ಅರವತ್ತು ದಾಟಿತ್ತು. ಕುಳ್ಳಗಿನ ಮೈಕಟ್ಟು, ಕತ್ತರಿಸಿದ ಬೆಳ್ಳಗಿನ ಕೂದಲು, ದಾರದಿಂದ ಕುತ್ತಿಗೆಗೆ ಕಟ್ಟಿಕೊಂಡ ಕನ್ನಡಕ. ಬಾಯಲ್ಲಿ ಯಾವಾಗಲೂ ಒಂದು ಲವಂಗ. ನಾನು ಹರಕುಮುರುಕು ಹಿಂದಿಯಲ್ಲಿ ಶುರು ಮಾಡಿದಾಗ ಆಕೆ ತಡೆದು, "ಕನ್ನಡದಾಗ ಹೇಳಬೇ ತಂಗಿ, ನಾ ಗದಗಿನಾಕಿ. ನಮ್ಮಪ್ಪ ರೈಲ್ವೆ ನೌಕರಿಗೆ ಸಿಕಂದರಾಬಾದಿಗೆ ಬಂದಾವ್ರು, ಇಲ್ಲೇ ಉಳದ್ವಿ" ಎಂದರು. ಹೈದರಾಬಾದಿಗೆ ಬಂದ ಮೇಲೆ ಡಾಕ್ಟರರೊಬ್ಬರ ಎದುರು ನನ್ನ ಮಾತಿನಲ್ಲಿ ನೋವು ಹೇಳಿಕೊಂಡದ್ದು ಅದೇ ಮೊದಲು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ಮೊದಲ ಸಲ ಅವರು ಮಲ್ಲುವಿನ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆಯಾಗಿದೆ ಎಂದು ಕಬ್ಬಿಣದ ಟಾನಿಕ್ ಕೊಟ್ಟರು. ಕುಡಿಸಿದೆ. ಹೊಟ್ಟೆ ಇನ್ನೂ ಕಟ್ಟಿತು, ನೋವು ಹೆಚ್ಚಾಯಿತು. ಮತ್ತೆ ಎತ್ತಿಕೊಂಡು ಹೋದಾಗ ಅವನನ್ನು ನೋಡಿದೊಡನೆ ಅವರ ಮುಖ ಇಳಿಯಿತು. ಬಾಯಿಂದ ಲವಂಗ ತೆಗೆದು ಕಾಗದದಲ್ಲಿ ಸುತ್ತಿಟ್ಟರು.

"ತಪ್ಪು ನಂದು" ಎಂದರು. "ರಕ್ತ ಕಡಿಮಿ ಐತಿ ಅಂದೆ, ಔಷಧ ಕೊಟ್ಟೆ, ಕೈ ತೊಳಕೊಂಡೆ. ಯಾಕ ಕಡಿಮಿ ಆತು ಅಂತ ಕೇಳಲೇ ಇಲ್ಲ. ಈಗ ಕೂಡು. ಇವ ಆರಾಮಿದ್ದ ದಿನದಿಂದ ಹೇಳು."

ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿದ್ದರು. ಒಬ್ಬ ಬಾಗಿಲಿಗೆ ಬಂದು ತೆಲುಗಿನಲ್ಲಿ ಗೊಣಗಿದ. ಆಕೆ ಕೈ ಎತ್ತಿ ಕಾಯಲು ಹೇಳಿದರು. ಏನು ಉಣ್ಣುತ್ತಾನೆ, ಎಲ್ಲಿ ಮಲಗುತ್ತಾನೆ, ಮಣ್ಣು ತಿನ್ನುತ್ತಾನೆಯೇ, ನೋವು ಯಾವ ಹೊತ್ತಿಗೆ ಬರುತ್ತದೆ, ನಿನಗೂ ಹಾಗಾಗುತ್ತದೆಯೇ... ಕೇಳುತ್ತಲೇ ಇದ್ದರು. ನನಗೆ ಕೆಲವು ಪ್ರಶ್ನೆಗಳು ಹುಚ್ಚು ಎನಿಸಿದವು. ಕೊನೆಗೆ ಔಷಧಿ ಕೇಳಿದರೆ ಟಾನಿಕ್ ನಿಲ್ಲಿಸು ಎಂದಷ್ಟೇ ಹೇಳಿ, ಹೊಟ್ಟೆ ಸಡಿಲವಾಗಲು ಏನೋ ಒಂದು ಕೊಟ್ಟು ಕಳಿಸಿದರು.

ಮರುದಿನ ಅವನ ನೋವು ನೋಡಲಾಗದೆ ನಾನು ಅವನನ್ನು ಪೇಟೆಯ ದೊಡ್ಡ ಆಸ್ಪತ್ರೆಗೆ ಒಯ್ದೆ. ಅಲ್ಲಿನ ಸರ್ಜನ್ ಹೊಟ್ಟೆ ಒತ್ತಿ ನೋಡಿ, ಕರುಳಿಗೆ ಅಂಟಿದ ಅಪೆಂಡಿಕ್ಸ್ ಬಾತಿರಬೇಕು, ಕೊಯ್ದು ತೆಗೆದುಬಿಡೋಣ, ವಾರದೊಳಗೆ ಬಂದು ಅಡ್ಮಿಟ್ ಆಗಿ ಎಂದರು. ಅವರು ಮಾತನಾಡಿದ ರೀತಿಯಲ್ಲಿ ಸಂಶಯವೇ ಇರಲಿಲ್ಲ. ಆ ಧೈರ್ಯ ನನಗೆ ಅಮೃತದ ಹಾಗಿತ್ತು. ಕೊನೆಗೂ ಒಂದು ಹೆಸರು ಸಿಕ್ಕಿತು, ಒಂದು ದಾರಿ ಸಿಕ್ಕಿತು. ಬರುವ ದಾರಿಯಲ್ಲೇ ಡಾಕ್ಟರ್ ಬಾಯಿಗೆ ಹೇಳಿಹೋಗೋಣ ಎಂದು ಇಳಿದೆ.

ಅವರು ಮಲ್ಲುವನ್ನು ಮಲಗಿಸಿ ಹೊಟ್ಟೆಯನ್ನು ಬಹಳ ಹೊತ್ತು ಮುಟ್ಟಿ ನೋಡಿದರು. ಆಮೇಲೆ, "ಅಪೆಂಡಿಕ್ಸ್ ಅಂತ ನನಗ ಅನಸವಲ್ದು. ಅದು ಕೂಸಿನ ಮಾತು ಕಸಗೊಳ್ಳಂಗಿಲ್ಲ. ಸ್ವಲ್ಪ ತಡೀರಿ" ಎಂದರು.

"ಹಂಗಾರ ಏನೈತ್ರಿ ಇವಗ?"

"ನನಗ ಗೊತ್ತಿಲ್ಲ."

ಆ ಮಾತು ಕೇಳಿ ನನಗೆ ಏನಾಯಿತೋ. ಅಷ್ಟು ದಿನ ನುಂಗಿಕೊಂಡದ್ದೆಲ್ಲ ಒಂದೇ ಸಲಕ್ಕೆ ಹೊರಗೆ ಬಂತು. "ನಿಮಗ ಗೊತ್ತಾಗೋತನಕ ನನ್ನ ಮಗ ಸಾಯಬೇಕೇನ್ರಿ? ಅವರಿಗೆ ಗೊತ್ತೈತಿ, ಅವರು ಮಾಡ್ತೀವಿ ಅನ್ನಾಕತ್ತಾರ, ನೀವು ತಡಿ ಅಂತೀರಿ. ತಡದು ಏನ್ ಮಾಡ್ಲಿ? ಹೇಳ್ರಿ, ಏನ್ ಮಾಡ್ಲಿ?" ಎಂದು ಕಿರುಚಿದೆ. ಬೆಂಚಿನ ಮೇಲಿದ್ದವರು ಎದ್ದು ಒಳಗೆ ಇಣುಕಿದರು.

ಅವರು ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ನನ್ನ ಎದುರಿನ ಸ್ಟೂಲಿನ ಮೇಲೆ ಕೂತರು. "ಗೊತ್ತಿಲ್ಲ ಅನ್ನೂದು ನನಗೂ ಅಂಜಿಕಿನ ಬೇ" ಎಂದರು. "ಕೂಸು ಇಳಕೋತ ನಡದೈತಿ, ನನ್ನ ಕೈಯಾಗ ಹೊತ್ತಿಲ್ಲ, ಅದೂ ಗೊತ್ತೈತಿ. ಆದರ ಏನಂತ ತಿಳೀಲಾರದ ಕೊಯ್ದರ, ಇರೋ ರೋಗ ಅಲ್ಲೇ ಇರ್ತೈತಿ, ಇವ ಇನ್ನೂ ಸೋಲ್ತಾನ. ಒಂದು ಮಾತು ಹೇಳು. ಈ ಬ್ಯಾನಿ ಶುರು ಆದ ಮ್ಯಾಲ ಒಂದು ನಾಕ ದಿನ ಆದ್ರೂ ಇವ ಆರಾಮಿದ್ದನ?"

ನಾನು ಇಲ್ಲ ಎನ್ನಲು ಹೋದವಳು ನಿಂತೆ. ನಡುವೆ ತಂಗಿಯ ಬಾಣಂತನಕ್ಕೆಂದು ಊರಿಗೆ ಹೋಗಿದ್ದೆ. ಅಲ್ಲಿ ವಾರ ಕಳೆಯುವುದರೊಳಗೆ ಮಲ್ಲು ರೊಟ್ಟಿ ಕೇಳಿ ತಿನ್ನತೊಡಗಿದ್ದ. ಕೋಳಿಯ ಹಿಂದೆ ಓಡುತ್ತಿದ್ದ. ಅಜ್ಜಿಗೆ ಏನೇನೋ ಹೇಳುತ್ತಿದ್ದ. ಊರಿನ ಗಾಳಿ ಒಗ್ಗಿತು ಎಂದುಕೊಂಡಿದ್ದೆ. ವಾಪಸ್ಸು ಬಂದ ಮೇಲೆ ಮತ್ತೆ ಅದೇ.

ಹೇಳಿದೆ. ಡಾಕ್ಟರ್ ಬಾಯಿ ಪೆನ್ನು ಕೆಳಗಿಟ್ಟರು. "ನಾಳೆ ಮಧ್ಯಾಹ್ನ ನಿಮ್ಮ ಮನಿಗೆ ಬರ್ತೀನಿ" ಎಂದರು.

ಬಂದರು. ಛತ್ರಿ ಹಿಡಿದು, ಗಟಾರದ ಮೇಲಿನ ಹಲಗೆ ದಾಟಿ, ನಮ್ಮ ಕೋಣೆಯ ಹೊಸ್ತಿಲ ಮೇಲೆ ಕೂತರು. ಚಹಾ ಕೊಟ್ಟರೆ ಆಮೇಲೆ ಎಂದರು. ನೀರಿನ ಕೊಡ ಬಗ್ಗಿಸಿ ನೋಡಿದರು. ಗೋಡೆಯ ಬಣ್ಣವನ್ನು ಉಗುರಿನಿಂದ ಕೆರೆದರು. ಮಲ್ಲುವಿನ ಕಣ್ಣಿಗೆ ಹಚ್ಚುತ್ತಿದ್ದ ಸುರ್ಮಾದ ಡಬ್ಬಿಯನ್ನು ಕಂಡು, ಇದು ಎಲ್ಲಿಂದ ತಂದದ್ದು, ಊರಿಗೆ ಹೋದಾಗಲೂ ಹಚ್ಚಿದ್ದೆಯಾ ಎಂದು ಕೇಳಿದರು. ಹಚ್ಚಿದ್ದೆ. ಆದರೂ ಅದನ್ನು ಕಾಗದದಲ್ಲಿ ಕಟ್ಟಿ ಚೀಲಕ್ಕೆ ಹಾಕಿಕೊಂಡರು. ಅವನ ಆಟದ ಸಾಮಾನು, ಹಾಸಿಗೆ, ಅವನು ಚೀಪುತ್ತಿದ್ದ ಬಟ್ಟೆಯ ತುದಿ, ಎಲ್ಲ ನೋಡಿದರು. ಹೊತ್ತು ಇಳಿಯಿತು. ಆಕೆ ಏಳಲಿಲ್ಲ. ನನಗೆ ಒಳಗೊಳಗೇ ಕೋಪ ಬರುತ್ತಿತ್ತು. ಮಗು ಹಾಸಿಗೆಯ ಮೇಲೆ ನರಳುತ್ತಿದೆ, ಈಕೆ ಗೋಡೆ ಕೆರೆಯುತ್ತಾರೆ...

ಆಗ ಇವರು ಕೆಲಸದಿಂದ ಬಂದರು.

ಬೆಳಗಿನಿಂದ ತಲೆ ಎತ್ತದಿದ್ದ ಮಲ್ಲು ಎದ್ದ. ಕಾಲು ತೊಡರುತ್ತಿದ್ದರೂ ಡಾಕ್ಟರ್ ಬಾಯಿಯನ್ನು ದಾಟಿ ಓಣಿಗೆ ಓಡಿದ. ಇವರು ಬಗ್ಗಿ ಎತ್ತಿಕೊಂಡರು. ದಿನವೂ ಹಾಗೆಯೇ. ಅವನು ಅಪ್ಪನ ಎದೆಗೆ ಮುಖ ಒತ್ತಿ, ಅಂಗಿಯ ಕಾಲರನ್ನು ಬಾಯಲ್ಲಿ ಕಚ್ಚಿಕೊಂಡು ಸುಮ್ಮನಾಗಿಬಿಡುತ್ತಿದ್ದ. ಎಷ್ಟು ನೋವಿದ್ದರೂ ಆ ಹೊತ್ತಿಗೆ ಅವನಿಗೆ ಸಮಾಧಾನ. ಇವರು ಚಹಾ ಕುಡಿದು ಸ್ನಾನಕ್ಕೆ ಹೋಗುವವರೆಗೂ ಇಳಿಯುತ್ತಿರಲಿಲ್ಲ. ಆ ದಿನವೂ ಇಳಿದಾಗ ಅವನ ಕೆನ್ನೆಯ ಮೇಲೆ ಬೂದುಬಣ್ಣದ ಧೂಳು ಅಂಟಿತ್ತು. ನಾನು ದಿನಾ ಸೆರಗಿನಿಂದ ಒರೆಸುತ್ತಿದ್ದ ಧೂಳು.

ಡಾಕ್ಟರ್ ಬಾಯಿ ನೋಡುತ್ತಿದ್ದರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ. ಯಾರೋ ತೀರಿಕೊಂಡ ಸುದ್ದಿ ಕೇಳಿದವರ ಹಾಗೆ ಇದ್ದರು.

"ಏನು ಕೆಲಸ ನಿಂದು?" ಎಂದು ಇವರನ್ನು ಕೇಳಿದರು.

"ಬ್ಯಾಟರಿ ಒಡೀತೀವ್ರಿ ಬಾಯಾರ. ಸೀಸ ಕರಗಸ್ತೀವಿ."

"ಹೊಟ್ಟಿ ನೋಯ್ತೈತಿ ನಿನಗ?"

ಇವರು ನಕ್ಕರು. "ಅಲ್ಲಿ ಎಲ್ಲಾರಿಗೂ ನೋಯ್ತೈತ್ರಿ. ಭಟ್ಟಿ ಕಾವಿಗೆ."

ಆಕೆ ಟಾರ್ಚು ತೆಗೆದು ಇವರ ಬಾಯಿ ತೆರೆಸಿ ನೋಡಿದರು. ಹಲ್ಲಿನ ಬುಡದಲ್ಲಿ ಒಸಡಿನ ಮೇಲೆ ಮಸಿ ಎಳೆದ ಹಾಗೆ ನೀಲಿಗಪ್ಪು ಗೆರೆ. ನಂತರ ಮಲ್ಲುವಿನ ಬಾಯಿ. ಅವನಲ್ಲಿ ಅದು ಸಣ್ಣಗೆ, ಆದರೆ ಇತ್ತು. ನನ್ನನ್ನೂ ಕರೆದು ತೋರಿಸಿದರು. ಅಷ್ಟು ದಿನ ಅದೇ ಬಾಯಿಗೆ ತುತ್ತು ಇಡುತ್ತಿದ್ದೆ, ಕಂಡಿರಲಿಲ್ಲ.

"ಸೀಸ ವಿಷ" ಎಂದರು ನಿಧಾನವಾಗಿ. "ನಿನ್ನ ಅಂಗಿ ಮ್ಯಾಲಿನ ಧೂಳಿನಾಗ ಐತಿ. ದಿನಾ ಸ್ವಲ್ಪ ಸ್ವಲ್ಪ ಇವನ ಹೊಟ್ಟಿಗೆ ಹೊಂಟೈತಿ, ಅಲ್ಲಿಂದ ರಕ್ತಕ್ಕ, ತಲಿಗೆ. ಊರಾಗ ನೀ ಇರಲಿಲ್ಲ, ಅದಕ್ಕ ಆರಾಮಿದ್ದ. ರಕ್ತ ಪರೀಕ್ಷಾ ಮಾಡಸ್ತೀನಿ, ಅದು ಬರೋತನಕ ನಾ ಪಕ್ಕಾ ಹೇಳಂಗಿಲ್ಲ. ಆದರ ಇವತ್ತಿನಿಂದ ಆ ಅಂಗಿ ಬಟ್ಟಿ ಮನಿಗೆ ಬರಬಾರದು. ಜಳಕ ಮಾಡಿ ಬ್ಯಾರೆ ಅಂಗಿ ಹಾಕ್ಕೊಳ್ಳೋತನಕ ಕೂಸಿನ್ನ ಮುಟ್ಟಬ್ಯಾಡ."

ಇವರು ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು ಹಾಗೇ ನಿಂತರು. ಪೊಲೀಸರ ಎದುರು ನಿಂತವರ ಹಾಗೆ. ಮಲ್ಲು ಅವರ ಕಾಲಿಗೆ ಜೋತುಬಿದ್ದಿದ್ದ. "ನನ್ನಿಂದನಾ?" ಎಂದರು. ಮತ್ತೊಮ್ಮೆ, "ನನ್ನಿಂದ ಆತೇನ್ರಿ ಬಾಯಾರ?" ಡಾಕ್ಟರ್ ಬಾಯಿ ಬಗ್ಗಿದರು. ಮಗುವನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು.

ರಕ್ತ ದೂರದ ಲ್ಯಾಬಿಗೆ ಹೋಗಬೇಕಿತ್ತು. ವರದಿ ಬರಲು ಹೊತ್ತು ಹಿಡಿಯಿತು. ಇವರು ಮರುದಿನದಿಂದಲೇ ಶೆಡ್ಡಿಗೆ ಹೋಗಲಿಲ್ಲ. ಕೆಲಸ ಬಿಟ್ಟು ಹೊಸ್ತಿಲ ಹೊರಗೆ ಕೂತಿರುತ್ತಿದ್ದರು. ನಾನು ಹಾಸಿಗೆ, ಗೋಡೆ, ನೆಲ ಎಲ್ಲ ತೊಳೆದೆ. ಮತ್ತೆ ತೊಳೆದೆ. ಕೈ ಬಿರಿದು ರಕ್ತ ಬಂದರೂ ತೊಳೆಯುತ್ತಿದ್ದೆ. ಏನು ತೊಳೆದರೂ ಅದು ಅವನ ಒಳಗಿತ್ತಲ್ಲ... ವರದಿ ಬರುವ ಮೊದಲೇ ಒಂದು ಮುಂಜಾನೆ ಮಲ್ಲುವಿಗೆ ಫಿಟ್ಸ್ ಬಂತು. ಕಣ್ಣು ಮೇಲಾದವು, ಮೈ ಬಿಲ್ಲಿನ ಹಾಗೆ ಬಾಗಿತು. ನಾನು ಅವನನ್ನು ಎತ್ತಿಕೊಂಡು ಬರಿಗಾಲಲ್ಲಿ ಡಾಕ್ಟರ್ ಬಾಯಿಯ ಮನೆಗೆ ಓಡಿದೆ.

ಆಕೆ ಆಗತಾನೇ ಎದ್ದಿದ್ದರು. ಉಟ್ಟ ಸೀರೆಯಲ್ಲೇ ನಮ್ಮ ಜೊತೆ ಆಟೋ ಹತ್ತಿದರು. ದಾರಿಯುದ್ದಕ್ಕೂ ಮಗುವಿನ ತಲೆಯನ್ನು ಪಕ್ಕಕ್ಕೆ ವಾಲಿಸಿ ಹಿಡಿದಿದ್ದರು. ಆಸ್ಪತ್ರೆಯಲ್ಲಿ ಮೊದಲು ಮೆದುಳುಜ್ವರ ಎಂದು ಬರೆಯಹೊರಟರು. ಡಾಕ್ಟರ್ ಬಾಯಿ ಬಿಡಲಿಲ್ಲ. ಅಪ್ಪನ ಕೆಲಸ, ಊರಿನಲ್ಲಿ ಆರಾಮಿದ್ದದ್ದು, ಒಸಡಿನ ಗೆರೆ, ಅವರಿಗೂ ಮೊದಲಿನಿಂದ ಎಲ್ಲ ಹೇಳಿದರು. ಅಲ್ಲಿದ್ದ ಎಳೆಯ ಡಾಕ್ಟರೊಬ್ಬ ಕುರ್ಚಿ ಎಳೆದುಕೊಂಡು ಪೂರ್ತಿ ಕೇಳಿಸಿಕೊಂಡ. ಆ ಹುಡುಗನಿಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಮೈಯಿಂದ ಸೀಸವನ್ನು ಹೊರಗೆಳೆಯುವ ಇಂಜೆಕ್ಷನ್ ಅಲ್ಲಿ ಇರಲಿಲ್ಲ. ಎಲ್ಲೆಲ್ಲಿಗೋ ಫೋನು ಮಾಡಿ ತರಿಸಿದರು. ಅಷ್ಟರಲ್ಲಿ ಮಗುವಿಗೆ ಮತ್ತೆ ಫಿಟ್ಸ್ ಬಂದಿತ್ತು. ಇವರು ವಾರ್ಡಿನ ಬಾಗಿಲಾಚೆಯೇ ನಿಂತಿದ್ದರು. ಜಳಕ ಮಾಡಿದ್ದರು, ಹೊಸ ಅಂಗಿ ಹಾಕಿದ್ದರು, ಆದರೂ ಒಳಗೆ ಬರಲಿಲ್ಲ.

ಮಲ್ಲು ಉಳಿದ. ರಕ್ತದ ವರದಿಯೂ ಬಂತು, ಸೀಸವೇ ಎಂದಿತ್ತು. ಕಣ್ಣು ಬಿಟ್ಟು ನನ್ನನ್ನು ಗುರುತಿಸಿದ ದಿನ ಡಾಕ್ಟರ್ ಬಾಯಿ ಮಂಚದ ಪಕ್ಕ ನಿಂತಿದ್ದರು. "ಇವ ಮೊದಲಿನ್ಹಂಗ ಆಗ್ತಾನಲ್ರಿ?" ಎಂದು ಕೇಳಿದೆ. ಅವರು ಸುಳ್ಳು ಹೇಳಬಹುದಿತ್ತು. ಆ ಹೊತ್ತಿಗೆ ನಾನು ಸುಳ್ಳನ್ನೇ ಬೇಡುತ್ತಿದ್ದೆ. ಅವರು ನನ್ನ ಭುಜ ಹಿಡಿದು, "ಗೊತ್ತಿಲ್ಲ ತಂಗಿ. ಜೀವ ಉಳದೈತಿ. ತಲಿಗೆ ಎಷ್ಟು ಪೆಟ್ಟು ಬಿದ್ದೈತಿ ಅನ್ನೂದು ಬೆಳೀತಾ ಬೆಳೀತಾ ತಿಳೀತೈತಿ" ಎಂದರು.

ಆಮೇಲೆ ಅವರು ಶೆಡ್ಡಿನ ಓಣಿಗೆ ಹೋದರು. ಅಲ್ಲಿ ಕೆಲಸ ಮಾಡುವವರ ಮನೆಗಳಿಗೆ ಹೋಗಿ ಮಕ್ಕಳ ಬಾಯಿಗೆ ಟಾರ್ಚು ಬಿಟ್ಟು ನೋಡಿದರು. ಅಂಥ ಗೆರೆಯಿದ್ದ ಮಕ್ಕಳು ಇನ್ನೂ ಸಿಕ್ಕರು. ಸುದ್ದಿ ಹರಡಿತು. ಒಂದು ದಿನ ನೋಡಿದರೆ ಶೆಡ್ಡು ಖಾಲಿ. ಮಾಲೀಕ ಭಟ್ಟಿಯನ್ನು ಕಿತ್ತುಕೊಂಡು ಎಲ್ಲಿಗೋ ಹೋಗಿದ್ದ. ಕೆಲಸ ಕಳೆದುಕೊಂಡವರು ನಮ್ಮನ್ನೂ ಡಾಕ್ಟರ್ ಬಾಯಿಯನ್ನೂ ಶಪಿಸಿದರು. ದವಾಖಾನೆಯ ಬೆಂಚಿನ ಮೇಲೆ ಜನ ಕಡಿಮೆಯಾದರು. ಆಕೆ ಒಂದು ದಿನವೂ ಅದರ ಬಗ್ಗೆ ಗೊಣಗಲಿಲ್ಲ. ನಾನು ಹೋದಾಗ ಒಂದೇ ಮಾತು ಹೇಳಿದ್ದರು, "ಭಟ್ಟಿ ಇನ್ನೊಂದು ಊರಾಗ ಉರಿಯಾಕತ್ತೈತಿ. ಅಲ್ಲಿ ಯಾರ ಕೂಸೋ..." ನಾವು ಸ್ವಲ್ಪ ಕಾಲದಲ್ಲೇ ಬಾಲಾನಗರ ಬಿಟ್ಟು ಸಿಕಂದರಾಬಾದಿನ ಈ ಕಡೆ ಬಂದುಬಿಟ್ಟೆವು. ಮೊದಮೊದಲು ಮಲ್ಲುವನ್ನು ತೋರಿಸಲು ಕರೆದುಕೊಂಡು ಹೋಗುತ್ತಿದ್ದೆ. ಶಾಲೆಯಲ್ಲಿ ಅಕ್ಷರ ಕೂಡಿಸಲಾರ, ಲೆಕ್ಕ ನಿಲ್ಲದು ಎಂದು ಒಂದೊಂದಾಗಿ ತಿಳಿಯುತ್ತ ಬಂದ ಹಾಗೆ ಹೋಗುವುದು ಕಡಿಮೆಯಾಯಿತು. ಆಕೆಯ ಎದುರು ಹೋಗಿ ಅದನ್ನು ಹೇಳುವ ಶಕ್ತಿ ನನಗಿರಲಿಲ್ಲ.

ಈಗ ಮಲ್ಲು ದೊಡ್ಡವನಾಗಿದ್ದಾನೆ. ರೈಲ್ವೆ ಸ್ಟೇಷನ್ನಿನ ಹತ್ತಿರ ಪಾರ್ಸೆಲ್ ಆಫೀಸಿನಲ್ಲಿ ಪೆಟ್ಟಿಗೆ ಎತ್ತಿಡುವ ಕೆಲಸ. ಮಾತು ಕಡಿಮೆ, ಹೇಳಿದ್ದನ್ನು ಎರಡು ಸಲ ಹೇಳಬೇಕು, ಸಿಟ್ಟು ಬರುವುದಿಲ್ಲ. ಇವರ ಮಣಿಕಟ್ಟು ಅಂದಿನ ಸೀಸದಿಂದ ಸೋತಿದೆ. ಗೋದಾಮೊಂದರ ಬಾಗಿಲು ಕಾಯುತ್ತಾರೆ.

ಬ್ಯಾಟರಿಯ ವಾಸನೆ ಬಂದ ಆ ಸಂಜೆ ಮನೆಯಲ್ಲಿ ಅದರ ಮಾತೆತ್ತಿದೆ. ಇವರು ಇನ್ನೂ ಬಂದಿರಲಿಲ್ಲ. ಮಲ್ಲು ಊಟ ನಿಲ್ಲಿಸಿ, "ಅವ್ವಾ, ಆವಾಗ ನನಗ ಏನಾಗಿತ್ತು?" ಎಂದ. ಈ ಪ್ರಶ್ನೆ ಒಂದು ದಿನ ಬರುತ್ತದೆ ಎಂದು ಗೊತ್ತಿತ್ತು. ಉತ್ತರವನ್ನು ವರ್ಷಗಟ್ಟಲೆ ಒಳಗೇ ಜೋಡಿಸಿಟ್ಟಿದ್ದೆ. ಸೀಸ, ರಕ್ತ, ತಲೆ, ನಿನ್ನದೇನೂ ತಪ್ಪಿಲ್ಲ, ನೀನು ದಡ್ಡನಲ್ಲ ಎಂದೆಲ್ಲ ಹೇಳುತ್ತ ಹೋದೆ. ಅವನು ತಲೆ ಅಲ್ಲಾಡಿಸಿದ.

"ಅದು ಗೊತ್ತೈತವ್ವ. ನಾ ಅದನ್ನ ಕೇಳಾಕ ಹೋಗಿದ್ದಿಲ್ಲ."

"ಮತ್ತೇನಪ್ಪಾ?"

ಅವನಿಗೆ ಮಾತು ಕೂಡಿಸಲು ಹೊತ್ತು ಬೇಕು. ನಾನು ನಡುವೆ ಬಾಯಿ ಹಾಕಲಿಲ್ಲ. "ಅಪ್ಪ ನನ್ನ ಯಾಕ ಮುಟ್ಟಂಗಿಲ್ಲ?" ಎಂದ.

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟೆ. ಹಬ್ಬದ ದಿನ ಅವನು ಕಾಲಿಗೆ ಬಿದ್ದರೆ ಇವರ ಕೈ ತಲೆಯ ಮೇಲೆ ಗಾಳಿಯಲ್ಲೇ ನಿಲ್ಲುವುದು, ಜ್ವರ ಬಂದಾಗ ಹಣೆ ಮುಟ್ಟಿ ನೋಡು ಎಂದು ನನ್ನನ್ನು ಕೂಗುವುದು, ಬಸ್ಸಿನಲ್ಲಿ ಅವನ ಪಕ್ಕದ ಜಾಗವನ್ನು ನನಗೆ ಬಿಡುವುದು... ಎಲ್ಲ ಕಣ್ಣೆದುರೇ ನಡೆದಿತ್ತು. ಅವನ ಅಕ್ಷರ, ಅವನ ಲೆಕ್ಕ, ಅವನ ನೌಕರಿ ಎಂದು ನಾನು ಅಷ್ಟು ವರ್ಷ ಓಡಾಡಿದ್ದೆ. ಹುಡುಗನ ನೋವು ಇದಾಗಿತ್ತು.

ಭಾನುವಾರ ಬಾಲಾನಗರಕ್ಕೆ ಹೋದೆ. ಡಾಕ್ಟರ್ ಬಾಯಿಯನ್ನು ಕೇಳಬೇಕೆನಿಸಿತು. ಹಳೆಯ ಮನೆ ಇರಲಿಲ್ಲ. ಆ ಜಾಗದಲ್ಲಿ ಟೈರಿನ ಅಂಗಡಿ, ಮೇಲೆ ಮೂರು ಅಂತಸ್ತು. ಎದುರಿನ ಔಷಧಿ ಅಂಗಡಿಯಲ್ಲಿ ವಿಚಾರಿಸಿದೆ. ಆಕೆ ತೀರಿಕೊಂಡು ಬಹಳ ಕಾಲವಾಯಿತು, ಕೊನೆಯವರೆಗೂ ದವಾಖಾನೆ ತೆರೆದಿಟ್ಟಿದ್ದರು ಎಂದ ಅಂಗಡಿಯವನು. ಅವರಿಗೆ ನೀವು ಏನಾಗಬೇಕು ಎಂದು ಕೇಳಿದ. ಅವರು ಬದುಕಿದ್ದಾಗ, ಮಗ ದೊಡ್ಡವನಾಗುತ್ತಿದ್ದಾನೆ, ಬಂದು ನೋಡಿ ಎಂದು ಒಂದು ಮಾತು ಹೋಗಿ ಹೇಳಿರಲಿಲ್ಲ. ಟೈರುಗಳ ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಂತು ಬಸ್ಸು ಹತ್ತಿದೆ.

ಮನೆಗೆ ಬಂದಾಗ ಇವರು ಒಬ್ಬರೇ ಕೂತಿದ್ದರು. ಮಲ್ಲು ಕೇಳಿದ್ದನ್ನು ಹೇಳಿದೆ. "ಆ ಕೆಲಸ ಬಿಟ್ಟು ಎಷ್ಟ ವರ್ಷ ಆತ್ರಿ. ಈಗೇನು ಅಂಜಿಕಿ?" ಎಂದೆ.

"ಗೊತ್ತೈತಿ" ಎಂದರು. "ಎಲ್ಲಾ ಗೊತ್ತೈತಿ. ಕೈ ಮುಂದ ಹೋಗಂಗಿಲ್ಲ."

ಇವತ್ತೇ ಅವನ ಹೆಗಲ ಮೇಲೆ ಕೈ ಇಡಿ ಎನ್ನಲು ಹೊರಟಿದ್ದೆ. ಹೇಳಲಿಲ್ಲ. ಸುಮ್ಮನೆ ಅವರ ಎದುರು ಕೂತು, "ಯಾಕ ಹೋಗಂಗಿಲ್ಲ?" ಎಂದು ಕೇಳಿದೆ.

"ಬಾಯಾರು ಹೇಳಿ ಹ್ವಾದ ಮರುದಿನ, ಅವ ಎತ್ತಿಕೋ ಅಂತ ಓಡಿ ಬಂದ. ನಾ ಅಂಜಿ ಹಿಂದಕ್ಕ ಜಿಗದೆ. ಬಿದ್ದುಬಿಟ್ಟ. ಅಳಲಿಲ್ಲ ನೋಡು. ಬಿದ್ದಲ್ಲೇ ಕುಂತು ನನ್ನ ಮುಖಾನ ನೋಡಿದ. ಏನ್ ಮಾಡಿದ್ನಿ ನಾ, ಅನ್ನಾವ್ರಂಗ. ಆ ಮುಖ ನೀ ನೋಡಿಲ್ಲ."

ನೋಡಿರಲಿಲ್ಲ. ನಾನು ಒಳಗೆ ನೆಲ ತೊಳೆಯುತ್ತಿದ್ದೆ.

ಡಾಕ್ಟರ್ ಬಾಯಿ ಇದ್ದಿದ್ದರೆ ಇಬ್ಬರನ್ನೂ ಕರೆದುಕೊಂಡು ಹೋಗಿ ಅವರ ಎದುರು ಕೂರಿಸುತ್ತಿದ್ದೆ. ಈಗ ನನಗೆ ತಿಳಿದದ್ದು ನನ್ನ ಹತ್ತಿರವೇ ಉಳಿದಿದೆ, ಏನು ಮಾಡಬೇಕೆಂದು ತಿಳಿಯದು. ಅಷ್ಟರಲ್ಲಿ ಮಲ್ಲು ಬಂದ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ಇವರು ಕಣ್ಣು ಒರೆಸಿಕೊಂಡು, ಅವನು ತಾಗದೆ ಹೋಗುವಷ್ಟು ದಾರಿ ಬಿಟ್ಟು ಗೋಡೆಯ ಕಡೆಗೆ ಸರಿದು ಕೂತರು.